ಹತ್ತನೆಯ ಗುಂಡಿನ ನಂತರ

ಶುಕ್ರವಾರ ರಾತ್ರಿ ನಮ್ಮ ಆಪಾ ಎರಡು ಗಂಟೆಯ ತನಕ ಮಲಗುವುದಿಲ್ಲ. ಮೊಣಕಾಲು ನೋವು, ನಿದ್ದೆ ಬರುವುದಿಲ್ಲ ಎಂದು ಸೊಸೆಗೆ ಹೇಳುತ್ತಾರೆ. ಸಂಗತಿ ಬೇರೆಯೇ ಇದೆ. ಕ್ಯಾಲಿಫೋರ್ನಿಯಾದಲ್ಲಿರುವ ಅವರ ಹಿರಿಯ ಮಗನಿಗೆ ಆಗ ಶುಕ್ರವಾರದ ಮಧ್ಯಾಹ್ನ. ಅವನು ಜುಮಾ ಮುಗಿಸಿ ಮಸೀದಿಯಿಂದ ಹೊರಗೆ ಬಂದವನೇ ತಾಯಿಯ ಮೊಬೈಲಿಗೆ ಎರಡು ಪದ ಕಳಿಸುತ್ತಾನೆ: ‘ನಮಾಝ್ ಆಯ್ತು.’ ಅದನ್ನು ಓದಿದ ಮೇಲೆಯೇ ಆಪಾ ದೀಪ ಆರಿಸುವುದು.

ಈ ಅಭ್ಯಾಸ ಶುರುವಾದದ್ದು 2019ರ ಮಾರ್ಚ್ 15ರ ನಂತರ. ಅಂದು ನ್ಯೂಝಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಒಬ್ಬಾತ ಎರಡು ಮಸೀದಿಗಳಲ್ಲಿ ಗುಂಡಿನ ಮಳೆಗರೆದು 51 ಮಂದಿಯನ್ನು ಕೊಂದ. ಅದೂ ಜುಮಾದ ಹೊತ್ತಿನಲ್ಲಿ. ಸುದ್ದಿ ಕೇಳಿದ ಆಪಾ ಮಗನಿಗೆ ಫೋನ್ ಮಾಡಿ, ‘ಇನ್ನು ಮೇಲೆ ಮನೆಯಲ್ಲೇ ನಮಾಝ್ ಮಾಡು ಬೇಟಾ’ ಎಂದರು. ‘ಜುಮಾ ಮನೆಯಲ್ಲಿ ಆಗುವುದಿಲ್ಲ ಅಮ್ಮೀ’ ಎಂದು ಅವನು. ಕೊನೆಗೆ ತಾಯಿ ಮಗನ ನಡುವೆ ಈ ಎರಡು ಪದದ ಒಪ್ಪಂದವಾಯಿತು.

2023ರ ಸೆಪ್ಟೆಂಬರಿನಲ್ಲಿ ಅವನಿಗೆ ಮಗಳು ಹುಟ್ಟಿದಳು. ಆಪಾಗೆ ಒಬ್ಬರೇ ವಿಮಾನ ಹತ್ತುವ ಧೈರ್ಯವಿಲ್ಲ, ಇಂಗ್ಲಿಷಿಲ್ಲ. ಜೊತೆಗೆ ನಾನು ಹೊರಟೆ. ಹೋದ ಮೊದಲ ಶುಕ್ರವಾರ ಅಳಿಯನ ಜೊತೆ ಮಸೀದಿಗೆ ಹೋದೆ. ಹಿಂದೆ ಯಾವುದೋ ಕಚೇರಿಯಾಗಿದ್ದ ಒಂದಂತಸ್ತಿನ ಕಟ್ಟಡ, ಮುಂದೆ ದೊಡ್ಡ ಕಾರು ನಿಲ್ದಾಣ. ಬಾಗಿಲ ಬಳಿ ಸಮವಸ್ತ್ರ ತೊಟ್ಟ ಕಾವಲುಗಾರನೊಬ್ಬ ನಿಂತಿದ್ದ. ಸೊಂಟದಲ್ಲಿ ಪಿಸ್ತೂಲು. ಒಳಗೆ ಹೋಗುವವರಿಗೆಲ್ಲ ನಗುತ್ತಾ ಸಲಾಂ ಹೇಳುತ್ತಿದ್ದ. ಅವನು ಮುಸ್ಲಿಮನಲ್ಲ, ಕಾವಲು ಕಂಪೆನಿಯವನು, ಸಂಬಳ ಮಸೀದಿ ಕಮಿಟಿಯದು. ಚಪ್ಪಲಿ ಬಿಡುವಾಗ ನನ್ನ ಕಣ್ಣು ಮತ್ತೆ ಮತ್ತೆ ಅವನ ಸೊಂಟದ ಕಡೆಗೇ ಹೋಗುತ್ತಿತ್ತು. ನಮ್ಮೂರಿನಲ್ಲಿ ಮಸೀದಿಯ ಬಾಗಿಲಲ್ಲಿ ನಾವು ನೋಡುವುದು ಚಪ್ಪಲಿ ಕದಿಯುವವರ ಕಡೆಗೆ ಮಾತ್ರ.

ಮನೆಗೆ ಮರಳುವಾಗ ಅಳಿಯ ಕಾರಿನಲ್ಲಿ ಮೆಲ್ಲಗೆ ವಿಷಯ ತೆಗೆದ. ‘ಮಾಮು, ನಾನೂ ಒಂದು ತಗೊಳ್ಳೋಣ ಅಂತಿದ್ದೀನಿ. ಅಮ್ಮಿಗೆ ಹೇಳಬೇಡಿ.’

ಹೆಂಡತಿಯ ಮೂಲಕ ಅವನಿಗೆ ಗ್ರೀನ್ ಕಾರ್ಡ್ ಸಿಕ್ಕಿದೆ. ಹಾಗಾಗಿ ಕಾನೂನಿನ ಅಡ್ಡಿಯಿಲ್ಲ. ಒಂದು ಲಿಖಿತ ಪರೀಕ್ಷೆ, ಹಿನ್ನೆಲೆಯ ತಪಾಸಣೆ, ಹತ್ತು ದಿನ ಕಾಯಬೇಕು, ಅಷ್ಟೇ. ‘ಆದರೆ ಇಲ್ಲಿ ಹತ್ತೇ ಗುಂಡು ಮಾಮು. ಅದಕ್ಕಿಂತ ಹೆಚ್ಚು ಹಿಡಿಯುವ ಮ್ಯಾಗಝೀನನ್ನು ಅಂಗಡಿಯವರು ಮಾರುವಂತಿಲ್ಲ. ಕೋರ್ಟಿನಲ್ಲಿ ಕೇಸು ನಡೀತಾ ಇದೆ.’

ಮ್ಯಾಗಝೀನ್ ಎಂದರೆ ನನಗೆ ಗೊತ್ತಿದ್ದದ್ದು ಕತೆ ಕಳಿಸಿ, ಸಂಪಾದಕರ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುವ ಮ್ಯಾಗಝೀನ್ ಮಾತ್ರ.

*

ಈ ಎರಡೂ ಒಂದೇ ಪದ. ಅರಬಿಯ ‘ಮಖ್‌ಝನ್’ ಎಂದರೆ ದಾಸ್ತಾನು ಮಾಡುವ ಸ್ಥಳ, ಉಗ್ರಾಣ. ನಾವು ದಿನಾ ಆಡುವ ‘ಖಜಾನೆ’ಯೂ ಅದೇ ಧಾತುವಿನದು. ಮಖ್‌ಝನ್ ಇಟಲಿ, ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಹೋಗಿ ಮ್ಯಾಗಝೀನ್ ಆಯಿತು. ಅಲ್ಲಿ ಮೊದಲು ಸರಕಿನ ಕೋಠಿ, ಆಮೇಲೆ ಮದ್ದುಗುಂಡಿನ ಕೋಠಿ. 1731ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ ಆ ಪದವನ್ನು ಬರಹಗಳ ಕೋಠಿ ಎಂಬ ಅರ್ಥದಲ್ಲಿ ಹೊತ್ತುಕೊಂಡಿತು. 1901ರಲ್ಲಿ ಲಾಹೋರಿನಲ್ಲಿ ಶೇಖ್ ಅಬ್ದುಲ್ ಖಾದಿರ್ ಒಂದು ಉರ್ದು ಮಾಸಿಕ ಆರಂಭಿಸಿ ಅದಕ್ಕೆ ‘ಮಖ್‌ಝನ್’ ಎಂದೇ ಹೆಸರಿಟ್ಟರು. ಇಕ್ಬಾಲರ ಆರಂಭದ ಕವಿತೆಗಳು ಅದರಲ್ಲಿ ಬಂದವು. ನನ್ನ ಉರ್ದು ಶಾಲೆಯ ಮೌಲ್ವಿ ಸಾಹೇಬರು ಈ ಕತೆ ಹೇಳಿ, ‘ಪದ ಹಜ್‌ಗೆ ಹೋಗಿ ಬಂದ ಹಾಗೆ ಮನೆಗೆ ಮರಳಿತು’ ಎನ್ನುತ್ತಿದ್ದರು.

ನಮ್ಮ ಶ್ರೀರಂಗಪಟ್ಟಣದಲ್ಲೂ ಟಿಪ್ಪುವಿನ ಕಾಲದ ಇಂಥ ಕೋಠಿಗಳಿವೆ. ಅವುಗಳಲ್ಲಿ ಒಂದು ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಅಡ್ಡ ಬಂದದ್ದರಿಂದ 2017ರಲ್ಲಿ ಇಡೀ ಕಟ್ಟಡವನ್ನೇ ಸುಮಾರು ನೂರು ಮೀಟರಿಗೂ ಆಚೆ ಸರಿಸಿದರು. ಅಷ್ಟು ಭಾರದ ಮಖ್‌ಝನ್ ಈಗ ಅಂಗೈಯಗಲದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿಯಾಗಿದೆ. ಒಳಗೆ ಒಂದು ಸ್ಪ್ರಿಂಗು, ಅದರ ಮೇಲೆ ಒಂದರ ಮೇಲೊಂದು ಗುಂಡುಗಳು. ಒಂದು ಹಾರಿದ ಕೂಡಲೇ ಸ್ಪ್ರಿಂಗು ಇನ್ನೊಂದನ್ನು ಮೇಲೆ ತಳ್ಳುತ್ತದೆ. ಖಾಲಿಯಾದಾಗ ಡಬ್ಬಿ ಬೀಳಿಸಿ ಹೊಸದನ್ನು ಸಿಕ್ಕಿಸಬೇಕು. ಪಳಗಿದ ಕೈಗೆ ಅದು ಎರಡು ಮೂರು ಸೆಕೆಂಡಿನ ಕೆಲಸ. ಆ ಡಬ್ಬಿ ಹತ್ತು ಗುಂಡು ಹಿಡಿಯಬೇಕೇ, ಹದಿನೈದೇ, ಮೂವತ್ತೇ, ನೂರೇ ಎಂಬುದರ ಮೇಲೆ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ.

ಅಳಿಯ ಹೇಳಿದ್ದು ಅರ್ಧ, ನಾನು ಆಮೇಲೆ ಓದಿಕೊಂಡದ್ದು ಅರ್ಧ. ಕ್ರಮವಾಗಿ ಹೇಳುತ್ತೇನೆ.

1994ರಲ್ಲಿ ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ ಇಡೀ ದೇಶಕ್ಕೆ ಒಂದು ಕಾನೂನು ಬಂತು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಝೀನುಗಳನ್ನು ಜನಸಾಮಾನ್ಯರಿಗಾಗಿ ತಯಾರಿಸುವಂತಿಲ್ಲ. ಹಳೆಯವಕ್ಕೆ ವಿನಾಯಿತಿ. ಕಾನೂನಿಗೆ ಹತ್ತೇ ವರ್ಷದ ಆಯುಸ್ಸು. 2004ರ ಸೆಪ್ಟೆಂಬರಿನಲ್ಲಿ ಅದು ಸತ್ತಿತು, ಕಾಂಗ್ರೆಸ್ ಮತ್ತೆ ಜೀವ ಕೊಡಲಿಲ್ಲ. ಉಳಿದದ್ದು ರಾಜ್ಯಗಳ ಕಾನೂನು. ಹನ್ನೆರಡಕ್ಕೂ ಹೆಚ್ಚು ರಾಜ್ಯಗಳು ತಂತಮ್ಮ ಮಿತಿ ಹಾಕಿಕೊಂಡವು. ಕ್ಯಾಲಿಫೋರ್ನಿಯಾದಲ್ಲಿ ಹತ್ತು, ಕೊಲರಾಡೋದಲ್ಲಿ ಹದಿನೈದು, ಡೆಲಾವೇರ್‌ನಲ್ಲಿ ಹದಿನೇಳು. ನ್ಯೂಯಾರ್ಕ್ 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಡಬ್ಬಿ ಹತ್ತರದ್ದಾದರೂ ಏಳೇ ಗುಂಡು ತುಂಬಬೇಕು ಎಂದಿತು. 2015ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹತ್ತರ ಮಿತಿಯನ್ನು ಎತ್ತಿಹಿಡಿದು ಏಳರದ್ದನ್ನು ತಳ್ಳಿಹಾಕಿತು. ಏಳಕ್ಕೂ ಹತ್ತಕ್ಕೂ ನಡುವೆ ಎಲ್ಲೋ ಒಂದು ಕಡೆ ಸಂವಿಧಾನದ ಗಡಿರೇಖೆ ಇದೆ ಎಂದಾಯಿತು.

ಕ್ಯಾಲಿಫೋರ್ನಿಯಾ 2000ದಲ್ಲೇ ದೊಡ್ಡ ಮ್ಯಾಗಝೀನುಗಳ ತಯಾರಿ, ಆಮದು, ಮಾರಾಟ ನಿಲ್ಲಿಸಿತ್ತು. ಆದರೆ ಮೊದಲೇ ಇದ್ದವರು ಇಟ್ಟುಕೊಳ್ಳಬಹುದಿತ್ತು. 2016ರಲ್ಲಿ ಜನರೇ ಮತ ಹಾಕಿ, ಇಟ್ಟುಕೊಳ್ಳುವುದೂ ಅಪರಾಧ ಎಂದು ತೀರ್ಮಾನಿಸಿದರು. ಮರುವರ್ಷವೇ ಕೆಲವು ನಾಗರಿಕರು ಕೋರ್ಟಿಗೆ ಹೋದರು. ಈಗ ‘ಡಂಕನ್ ವಿರುದ್ಧ ಬೊಂಟಾ’ ಎಂದು ಕರೆಯುವ ಮೊಕದ್ದಮೆ ಅದು. ಸ್ಯಾನ್ ಡಿಯಾಗೋದ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಝ್ ಅವರ ಮುಂದೆ ಅದು ಬಂತು. 2017ರಲ್ಲಿ ಅವರು ತಡೆಯಾಜ್ಞೆ ಕೊಟ್ಟರು. 2019ರ ಮಾರ್ಚ್ 29ರಂದು ಇಡೀ ಮಿತಿಯೇ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತರು.

ಈ ದಿನಾಂಕದ ಹತ್ತಿರ ನಾನು ಓದುವುದನ್ನು ನಿಲ್ಲಿಸಿದೆ. ಕ್ರೈಸ್ಟ್‌ಚರ್ಚ್ ಹತ್ಯಾಕಾಂಡವಾಗಿ ಸರಿಯಾಗಿ ಎರಡು ವಾರ.

ಆ ತೀರ್ಪು ಬಂದ ಕೂಡಲೇ ಕ್ಯಾಲಿಫೋರ್ನಿಯಾದವರು ಆನ್‌ಲೈನಿನಲ್ಲಿ, ಅಂಗಡಿಗಳಲ್ಲಿ ಮ್ಯಾಗಝೀನಿಗಾಗಿ ಮುಗಿಬಿದ್ದರು. ಏಪ್ರಿಲ್ 5ರ ಸಂಜೆ ತೀರ್ಪಿಗೆ ತಡೆ ಬೀಳುವ ತನಕ ವ್ಯಾಪಾರ ನಡೆಯಿತು. ಆ ಒಂದು ವಾರಕ್ಕೆ ಬಂದೂಕುಪ್ರಿಯರು ‘ಸ್ವಾತಂತ್ರ್ಯ ವಾರ’ ಎಂದು ಹೆಸರಿಟ್ಟರು. ಆ ವಾರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮ್ಯಾಗಝೀನುಗಳು ರಾಜ್ಯದೊಳಗೆ ಬಂದವು ಎಂಬ ಅಂದಾಜಿದೆ. ಅಳಿಯನ ಸಹೋದ್ಯೋಗಿಯೊಬ್ಬ ಮೂವತ್ತು ಗುಂಡಿನವು ಇಪ್ಪತ್ತು ಕೊಂಡನಂತೆ. ‘ಒಳ್ಳೆಯ ಮನುಷ್ಯ ಮಾಮು. ರಮಝಾನಿನಲ್ಲಿ ನಮ್ಮ ಮುಂದೆ ಕಾಫಿ ಕೂಡ ಕುಡಿಯುವುದಿಲ್ಲ’ ಎಂದು ಅಳಿಯ ಹೇಳಿದ.

ಅದೇ ದಿನಗಳಲ್ಲಿ ನ್ಯೂಝಿಲೆಂಡ್ ಏನು ಮಾಡುತ್ತಿತ್ತು? ಮಾರ್ಚ್ 21ರಂದು, ಅಂದರೆ ಆರು ದಿನಗಳಲ್ಲಿ, ಪ್ರಧಾನಿ ಜೆಸಿಂಡಾ ಆರ್ಡರ್ನ್ ಮಿಲಿಟರಿ ಮಾದರಿಯ ಬಂದೂಕುಗಳನ್ನೂ ದೊಡ್ಡ ಮ್ಯಾಗಝೀನುಗಳನ್ನೂ ನಿಷೇಧಿಸುವುದಾಗಿ ಪ್ರಕಟಿಸಿದರು. ಏಪ್ರಿಲ್ 10ರಂದು ಪಾರ್ಲಿಮೆಂಟಿನಲ್ಲಿ 119 ಮಂದಿ ಪರವಾಗಿ, ಒಬ್ಬರು ಮಾತ್ರ ವಿರುದ್ಧವಾಗಿ ಮತ ಹಾಕಿದರು. ಆಮೇಲೆ ಬಂದ ರಾಯಲ್ ಕಮಿಷನ್ನಿನ ವರದಿಯಲ್ಲಿ ಒಂದು ವಿಷಯವಿದೆ. ಅಲ್ಲಿನ ಸಾಮಾನ್ಯ ಲೈಸನ್ಸಿನವರು ಏಳು ಗುಂಡಿನ ಮ್ಯಾಗಝೀನ್ ಇರುವ ಅರೆ-ಸ್ವಯಂಚಾಲಿತ ರೈಫಲ್ ಇಟ್ಟುಕೊಳ್ಳಬಹುದಿತ್ತು. ದೊಡ್ಡ ಮ್ಯಾಗಝೀನನ್ನು ರೈಫಲಿಗೆ ಸಿಕ್ಕಿಸುವುದು ತಪ್ಪು, ಆದರೆ ಬರಿಯ ಡಬ್ಬಿಯನ್ನು ಕೊಳ್ಳಲು ಯಾವ ಲೈಸನ್ಸೂ ಬೇಕಿರಲಿಲ್ಲ. ಕೊಲೆಗಡುಕ ಆ ಕಿಂಡಿಯಿಂದಲೇ ನುಸುಳಿದ. 51 ಮಂದಿ ಜುಮಾದಿಂದ ಮನೆಗೆ ಬರಲಿಲ್ಲ.

ಒಂದು ದೇಶ ಕಿಂಡಿ ಮುಚ್ಚುತ್ತಿದ್ದ ವಾರವೇ ಇನ್ನೊಂದು ದೇಶದ ರಾಜ್ಯದಲ್ಲಿ ಬಾಗಿಲು ತೆರೆಯಿತು. ಅಮೆರಿಕದವರು ಮನುಷ್ಯರ ಜೀವಕ್ಕೆ ಬೆಲೆ ಕೊಡುವುದಿಲ್ಲ ಎಂದು ಇದರ ಅರ್ಥವಲ್ಲ. ನ್ಯೂಝಿಲೆಂಡಿನಲ್ಲಿ ಆಯುಧ ಹೊಂದುವುದು ಸರ್ಕಾರ ಕೊಡುವ ಪರವಾನಗಿ. ಅಮೆರಿಕದಲ್ಲಿ ಅದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು. ಹಕ್ಕಿನ ಮೇಲೆ ಕೈಯಿಡುವ ಪ್ರತಿ ಕಾನೂನೂ ಕೋರ್ಟಿನಲ್ಲಿ ನಿಂತು ಜವಾಬು ಕೊಡಬೇಕು. ನಮ್ಮಂಥ ಅಲ್ಪಸಂಖ್ಯಾತರು ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಆಹಾರ, ಉಡುಪು, ಪ್ರಾರ್ಥನೆಯ ಪ್ರಶ್ನೆ ಬಂದಾಗ ನಾವೂ ಹಕ್ಕು ಎಂದೇ ಕೋರ್ಟಿನ ಮೆಟ್ಟಿಲು ಹತ್ತುತ್ತೇವೆ.

*

ಎರಡನೇ ತಿದ್ದುಪಡಿ ಅಂಗೀಕಾರವಾದದ್ದು 1791ರ ಡಿಸೆಂಬರಿನಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆ ಹಿಡಿದಿದ್ದ. ಟಿಪ್ಪುವಿನ ಸಿಪಾಯಿಗಳೂ ಇಂಗ್ಲಿಷರ ಸಿಪಾಯಿಗಳೂ ಹೊತ್ತಿದ್ದ ಬಂದೂಕಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿಯಬೇಕಿತ್ತು. ಪಳಗಿದ ಸಿಪಾಯಿಗೆ ನಿಮಿಷಕ್ಕೆ ಮೂರು ಈಡು. ಅಮೆರಿಕದ ಸಂವಿಧಾನ ಬರೆದವರ ಕೈಯಲ್ಲಿದ್ದದ್ದೂ ಹೆಚ್ಚುಕಡಿಮೆ ಅದೇ.

ಈ ಹಳೆಯ ಬಂದೂಕು ಈಗ ಮೊಕದ್ದಮೆಯ ನಡುವೆ ಬಂದು ನಿಂತಿದೆ. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮನೆಯಲ್ಲಿ ಆತ್ಮರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತ್ತು. 2022ರ ಜೂನಿನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಬಂದೂಕಿನ ಕಾನೂನು ಊರ್ಜಿತವೋ ಅಲ್ಲವೋ ಎಂದು ನೋಡಲು ಅದರಿಂದ ಎಷ್ಟು ಜೀವ ಉಳಿಯುತ್ತದೆ ಎಂಬ ತಕ್ಕಡಿ ಹಿಡಿಯಬೇಡಿ, ದೇಶದ ಇತಿಹಾಸದಲ್ಲಿ ಅಂಥ ನಿರ್ಬಂಧದ ಪರಂಪರೆ ಇತ್ತೇ ಎಂದು ನೋಡಿ ಎಂದಿತು. ಅದಕ್ಕೂ ಮೊದಲು, 2021ರಲ್ಲಿ, ಒಂಬತ್ತನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯದ ಹನ್ನೊಂದು ಮಂದಿಯ ಪೀಠ ಏಳಕ್ಕೆ ನಾಲ್ಕು ಮತಗಳಿಂದ ಕ್ಯಾಲಿಫೋರ್ನಿಯಾದ ಮಿತಿಯನ್ನು ಎತ್ತಿಹಿಡಿದಿತ್ತು. ಹೊಸ ಅಳತೆಗೋಲು ಬಂದ ಮೇಲೆ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ, ಮತ್ತೆ ವಿಚಾರಿಸಿ ಎಂದು ಕೆಳಗೆ ಕಳಿಸಿತು.

ವಕೀಲರು ಇತಿಹಾಸಕಾರರನ್ನು ಹುಡುಕಿಕೊಂಡು ಹೋದರು. ಸರ್ಕಾರದ ಕಡೆಯವರು 1771ರ ನ್ಯೂಜೆರ್ಸಿಯ ಕಾನೂನನ್ನು ಹೊರತೆಗೆದರು: ದಾರ ಕಟ್ಟಿ, ಎಡವಿದವರಿಗೆ ತಾನಾಗಿ ಗುಂಡು ಹಾರುವಂತೆ ಬಂದೂಕು ಇಡುವುದನ್ನು ಅದು ನಿಷೇಧಿಸಿತ್ತು. ಮನೆಗಳಲ್ಲಿ ಮದ್ದಿನ ಪುಡಿ ಎಷ್ಟಿಡಬೇಕು ಎಂಬ ಹಳೆಯ ನಿಯಮಗಳನ್ನು ತೋರಿಸಿದರು. 1830ರ ದಶಕದ ಬೋವಿ ಚಾಕುವಿನ ಕಾನೂನುಗಳನ್ನು ತೋರಿಸಿದರು. ಒಂದೇ ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಗುಂಡು ಹಾರಿಸುವ ಆಯುಧ ಬೇಡ ಎಂದು 1927ರಲ್ಲೇ ರೋಡ್ ಐಲೆಂಡ್ ಮತ್ತು ಮಿಷಿಗನ್ ಹೇಳಿದ್ದನ್ನು ನೆನಪಿಸಿದರು. ಎದುರು ಕಡೆಯವರು ಅದು ತೀರಾ ಈಚಿನದು, ಲೆಕ್ಕಕ್ಕಿಲ್ಲ ಎಂದರು. ಇಪ್ಪತ್ತಕ್ಕೂ ಹೆಚ್ಚು ಗುಂಡು ಹಿಡಿಯುತ್ತಿದ್ದ ಗಿರಾಂಡೋನಿ ಎಂಬ ಗಾಳಿಬಂದೂಕು 18ನೇ ಶತಮಾನದಲ್ಲೇ ಇತ್ತು, ಹಾಗಾಗಿ ಹಿರಿಯರಿಗೆ ಇದು ಹೊಸದಲ್ಲ ಎಂದರು. ಇಂದು ಕೋಟಿಗಟ್ಟಲೆ ದೊಡ್ಡ ಮ್ಯಾಗಝೀನುಗಳು ಕಾನೂನು ಪಾಲಿಸುವ ಜನರ ಮನೆಗಳಲ್ಲಿವೆ, ಸಾಮಾನ್ಯ ಬಳಕೆಯಲ್ಲಿರುವುದನ್ನು ನಿಷೇಧಿಸಲಾಗದು ಎಂಬುದು ಅವರ ಮುಖ್ಯ ವಾದ.

ನಾವು ಅಲ್ಲಿದ್ದಾಗಲೇ, 2023ರ ಸೆಪ್ಟೆಂಬರ್ 22ರಂದು, ಬೆನಿಟೆಝ್ ಎರಡನೇ ಸಲವೂ ಮಿತಿಯನ್ನು ಹೊಡೆದುಹಾಕಿದರು. ಈ ಸಲ ‘ಸ್ವಾತಂತ್ರ್ಯ ವಾರ’ ಬರಲಿಲ್ಲ. ತೀರ್ಪು ಜಾರಿಯಾಗುವ ಮೊದಲೇ ಮೇಲಿನ ಕೋರ್ಟು ತಡೆ ಕೊಟ್ಟಿತು. ಮರುವರ್ಷ ವಾಷಿಂಗ್ಟನ್ ರಾಜ್ಯದಲ್ಲೂ ಇಂಥದ್ದೇ ನಡೆಯಿತು. ಏಪ್ರಿಲ್ 8ರಂದು ಕೌಂಟಿ ನ್ಯಾಯಾಧೀಶರೊಬ್ಬರು ಮಿತಿಯನ್ನು ರದ್ದುಮಾಡಿದರು, ಸುಮಾರು ಒಂದೂವರೆ ಗಂಟೆಯಲ್ಲಿ ಮೇಲಿನಿಂದ ತಡೆ ಬಂತು. ಆ ಒಂದೂವರೆ ಗಂಟೆಯಲ್ಲೂ ವ್ಯಾಪಾರ ನಡೆದಿತ್ತು.

*

ಈಗ ಆಪಾನ ವಿಷಯಕ್ಕೆ ಬರುತ್ತೇನೆ. ಹೇಳಬೇಡಿ ಎಂದಿದ್ದ ಅಳಿಯ ತಾನೇ ಒಂದು ರಾತ್ರಿ ಊಟದ ಹೊತ್ತಿನಲ್ಲಿ ತಾಯಿಗೆ ಹೇಳಿಬಿಟ್ಟ. ಆಪಾ ಕೂಗಾಡಲಿಲ್ಲ. ‘ಯಾತಕ್ಕೆ?’ ಎಂದು ಮಾತ್ರ ಕೇಳಿದರು.

ಅಳಿಯ ಬೆನಿಟೆಝ್ ಅವರ 2019ರ ತೀರ್ಪಿನ ಕತೆ ಹೇಳಿದ. ಆ ತೀರ್ಪು ಶುರುವಾಗುವುದೇ ಹೆಂಗಸರ ಕತೆಗಳಿಂದ. ಮನೆಗೆ ನುಗ್ಗಿದ ಕಳ್ಳರನ್ನು ಎದುರಿಸಿ ಗುಂಡು ಹಾರಿಸುತ್ತಾರೆ, ನಡುವೆ ಗುಂಡು ಮುಗಿದುಹೋಗುತ್ತದೆ. ಅವರ ಕೈಯಲ್ಲಿ ಇನ್ನೈದು ಗುಂಡು ಇದ್ದಿದ್ದರೆ ಎಂಬುದು ನ್ಯಾಯಾಧೀಶರ ಪ್ರಶ್ನೆ. ಆಪಾ ಗಮನವಿಟ್ಟು ಕೇಳಿದರು. ಗಂಡ ಹೋದ ಮೇಲೆ ಆರು ವರ್ಷ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದವರು ಅವರು. ದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡು ಮಲಗುತ್ತಿದ್ದರು. ‘ಪಾಪ’ ಎಂದರು. ಆ ಹೆಂಗಸರಿಗೆ ಹೇಳಿದ ಪಾಪ ಅದು, ನನಗೂ ಹಾಗೇ ಅನಿಸಿತು. ಸರ್ಕಾರದ ಪರ ತಜ್ಞರು ಸುದ್ದಿ ವರದಿಗಳನ್ನು ಲೆಕ್ಕ ಹಾಕಿ, ಆತ್ಮರಕ್ಷಣೆಯಲ್ಲಿ ಹಾರುವ ಗುಂಡು ಸರಾಸರಿ 2.2 ಎಂದು ಕೋರ್ಟಿಗೆ ಹೇಳಿದ್ದಾರೆ. ಆದರೆ ಕತ್ತಲಲ್ಲಿ ಒಂಟಿಯಾಗಿ ನಿಂತವಳಿಗೆ ಸರಾಸರಿಯ ಲೆಕ್ಕ ಹೇಳಿ ಸಮಾಧಾನ ಮಾಡಲಾಗದು.

ನಾನು ಇನ್ನೊಂದು ಕತೆ ಹೇಳಿದೆ. 2011ರ ಜನವರಿ 8ರಂದು ಅರಿಝೋನಾದ ಟೂಸಾನ್‌ನಲ್ಲಿ, ಅಂಗಡಿಯೊಂದರ ಮುಂದೆ ಜನರನ್ನು ಭೇಟಿಯಾಗುತ್ತಿದ್ದ ಕಾಂಗ್ರೆಸ್ ಸದಸ್ಯೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ತಲೆಗೆ ಒಬ್ಬ ಗುಂಡು ಹಾರಿಸಿದ. ಅವನ ಪಿಸ್ತೂಲಿನಲ್ಲಿದ್ದದ್ದು 33 ಗುಂಡಿನ ಮ್ಯಾಗಝೀನ್. ಆರು ಮಂದಿ ಸತ್ತರು. ಡಬ್ಬಿ ಖಾಲಿಯಾಗಿ ಇನ್ನೊಂದನ್ನು ಸಿಕ್ಕಿಸಲು ಹೊರಟಾಗ ಅಲ್ಲಿದ್ದವರು ಅವನನ್ನು ಕೆಡವಿದರು. ಒಬ್ಬ ಹೆಂಗಸು ಹೊಸ ಮ್ಯಾಗಝೀನನ್ನು ಅವನ ಕೈಗೆ ಸಿಗದಂತೆ ಕಿತ್ತುಕೊಂಡಳು. ಎರಡು ವರ್ಷದ ನಂತರ ಗಿಫರ್ಡ್ಸ್ ಅವರ ಗಂಡ, ಗಗನಯಾತ್ರಿಯಾಗಿದ್ದ ಮಾರ್ಕ್ ಕೆಲ್ಲಿ, ಸೆನೆಟ್ ಸಮಿತಿಯ ಮುಂದೆ ಕುಳಿತು ಹೇಳಿದರು: ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ತಗುಲಿದ್ದು ಹದಿಮೂರನೇ ಗುಂಡು. ಡಬ್ಬಿ ಹತ್ತರದ್ದಾಗಿದ್ದರೆ ಆ ಹುಡುಗಿ ಬದುಕಿರುತ್ತಿದ್ದಳು. ಬಂದೂಕು ಇಟ್ಟುಕೊಳ್ಳಬಾರದು ಎನ್ನುವವರಲ್ಲ ಅವರು. ಅವರ ಮನೆಯಲ್ಲೂ ಬಂದೂಕಿತ್ತು.

ಆಪಾ ತೊಟ್ಟಿಲಿನ ಕಡೆ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ, ‘ದಾದಾ ಅವರ ಕೋವಿ ನೆನಪಿದೆಯಾ?’ ಎಂದು ನನ್ನನ್ನು ಕೇಳಿದರು.

ನೆನಪಿತ್ತು. ನಮ್ಮ ದಾದಾ ಮಲೆನಾಡಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಹಂದಿ ಓಡಿಸಲು ಧಣಿಗಳ ಕೇಪಿನ ಕೋವಿ ಅವರ ಸುಪರ್ದಿಯಲ್ಲಿತ್ತು. ಒಂದು ಈಡು ಹೊಡೆದರೆ ಮುಗಿಯಿತು. ಮತ್ತೆ ಮದ್ದು, ಕತ್ತ, ಚರೆ ತುಂಬಿ ಕೇಪು ಇಡುವಷ್ಟರಲ್ಲಿ ಹಂದಿ ಗದ್ದೆ ದಾಟಿ ಗುಡ್ಡ ಹತ್ತಿರುತ್ತಿತ್ತು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ನಾನು ಚಿಕ್ಕವನಿದ್ದಾಗ, ಎರಡು ನಳಿಗೆಯ ತೋಟಾ ಕೋವಿ ಕೊಡಿ ಎಂದು ಧಣಿಗಳನ್ನು ಕೇಳಬಾರದೇ ಎಂದಿದ್ದೆ. ‘ಒಂದು ಸಲ ಗದ್ದೆಯಲ್ಲಿ ಏನೋ ಕಪ್ಪಗೆ ಅಲ್ಲಾಡಿತು, ಹೊಡೆದೆ. ತಪ್ಪಿತು. ಎರಡನೇ ಈಡು ತುಂಬುವಾಗ ಅದು ಎದ್ದು ನಿಂತು ನನ್ನ ಹೆಸರು ಹಿಡಿದು ಕೂಗಿತು. ಪಕ್ಕದ ಲೈನಿನ ಆಳು’ ಎಂದಿದ್ದರು ದಾದಾ. ಆಪಾಗೆ ನೆನಪಾದದ್ದು ಅದೇ ಇರಬೇಕು. ಅವರು ಬಾಯಿಬಿಟ್ಟು ಹೇಳಲಿಲ್ಲ.

ನಮ್ಮಲ್ಲೂ ಕೋವಿಯನ್ನು ಹಕ್ಕೆಂದು ಕಾಣುವ ಜನ ಇದ್ದಾರೆ ಎಂದು ಅಳಿಯನಿಗೆ ಕೊಡಗಿನ ವಿಷಯ ಹೇಳಿದೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಕೋವಿಯ ಲೈಸನ್ಸಿನಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ತನಕ, ಮುಂದುವರಿಸಿತು. ಇದು ತಾರತಮ್ಯ ಎಂದು ಕೊಡಗಿನವರೇ ಒಬ್ಬ ನಿವೃತ್ತ ಸೇನಾಧಿಕಾರಿ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿ ಸರಿ ಎಂದಿತು. ಅಲ್ಲೂ ಆಧಾರವಾದದ್ದು ಇತಿಹಾಸ, ಪರಂಪರೆ. ಆದರೆ ನಮ್ಮ ಕೋರ್ಟಿನ ಮುಂದಿದ್ದದ್ದು ಒಂದು ಸಮುದಾಯ ಹಬ್ಬದಲ್ಲಿ ಪೂಜಿಸುವ ಕೋವಿ. ಮೂವತ್ತು ಗುಂಡಿನ ಡಬ್ಬಿ ಅಲ್ಲ.

ಅಳಿಯ ಜಾಣ. ಅವನೂ ಸುಮ್ಮನಿರಲಿಲ್ಲ. ‘ಮಾಮು, ಕ್ವಿಬೆಕ್ ನೆನಪಿದೆಯಾ?’ ಎಂದ. ಕೆನಡಾದಲ್ಲಿ ಕೈಬಂದೂಕಿಗೆ ಹತ್ತು ಗುಂಡಿನ ಮಿತಿ ಮೊದಲೇ ಇತ್ತು. ಆದರೂ 2017ರ ಜನವರಿ 29ರ ರಾತ್ರಿ ಕ್ವಿಬೆಕ್ ನಗರದ ಮಸೀದಿಯಲ್ಲಿ ಒಬ್ಬ ಆರು ಮಂದಿ ನಮಾಝಿಗಳನ್ನು ಕೊಂದ. ಹಲವು ಸಲ ಮ್ಯಾಗಝೀನ್ ಬದಲಿಸಿ ಕೊಂದ. ಅವನನ್ನು ತಡೆಯಲು ಮುನ್ನುಗ್ಗಿದ ಅಝ್ಝೆದ್ದೀನ್ ಸೂಫಿಯಾನ್ ಎಂಬವರೂ ಹುತಾತ್ಮರಾದರು. ‘ಹತ್ತರ ಮಿತಿ ಅವರನ್ನು ಉಳಿಸಿತಾ?’

ಉಳಿಸಲಿಲ್ಲ. ನಾನು ಒಪ್ಪಿಕೊಂಡೆ. ಆ ಕೊಲೆಗಡುಕ ತಂದಿದ್ದ ರೈಫಲ್ ಆರಂಭದಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅದು ಓಡಿದ್ದರೆ ಎಷ್ಟು ಜನ ಹೋಗುತ್ತಿದ್ದರೋ ಎಂದೆ. ಆದರೆ ಸತ್ತವರ ಮನೆಯವರಿಗೆ ಆ ಮಾತು ಹೇಳಲಾಗದು ಎಂದೂ ನನಗೆ ಗೊತ್ತಿತ್ತು. ಮಿತಿ ಎಂಬುದು ಕೊಲೆಯನ್ನು ತಡೆಯುವುದಿಲ್ಲ. ನಡುವೆ ಎರಡು ಮೂರು ಸೆಕೆಂಡು ಇಡುತ್ತದೆ. ಟೂಸಾನ್‌ನಲ್ಲಿ ಆ ಸೆಕೆಂಡುಗಳು ಕೆಲಸಕ್ಕೆ ಬಂದವು. ಕ್ವಿಬೆಕ್‌ನಲ್ಲಿ ಸಾಲಲಿಲ್ಲ. ಕ್ರೈಸ್ಟ್‌ಚರ್ಚ್‌ನ ಲಿನ್‌ವುಡ್ ಮಸೀದಿಯಲ್ಲಿ ಅಬ್ದುಲ್ ಅಝೀಝ್ ಎಂಬವರು ಕೈಗೆ ಸಿಕ್ಕ ಕಾರ್ಡ್ ಉಜ್ಜುವ ಯಂತ್ರವನ್ನೇ ಎಸೆದು, ಕೊಲೆಗಡುಕ ಬಿಸಾಡಿದ್ದ ಖಾಲಿ ಬಂದೂಕನ್ನೇ ಎತ್ತಿಕೊಂಡು ಅವನನ್ನು ಅಟ್ಟಿದರು. ಬಂದೂಕು ಖಾಲಿಯಾದ ಗಳಿಗೆಯಲ್ಲೇ ನಿರಾಯುಧ ಮನುಷ್ಯನಿಗೂ ಒಂದು ಅವಕಾಶ. ಆ ಗಳಿಗೆ ಬೇಗ ಬರಲಿ ಎಂದು ಬಯಸುವುದು ಅತಿಯಾಸೆಯೇ?

‘ನಾನು ಕೊಳ್ಳುವುದು ಆ ಬಾಗಿಲಲ್ಲಿ ನಿಲ್ಲಲು ಮಾಮು, ಯಾರನ್ನೂ ಕೊಲ್ಲಲು ಅಲ್ಲ’ ಎಂದ ಅಳಿಯ. ಅವನ ಕಣ್ಣಿನಲ್ಲಿ ನೀರಿತ್ತು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಕ್ಟೋಬರಿನಲ್ಲಿ ಗಾಝಾದ ಯುದ್ಧ ಶುರುವಾಯಿತು. ನವೆಂಬರ್ 25ರಂದು ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಫೆಲೆಸ್ತೀನ್ ಮೂಲದ ಮೂವರು ವಿದ್ಯಾರ್ಥಿಗಳಿಗೆ ಗುಂಡೇಟು ಬಿತ್ತು. ಮರುವಾರ ಅಳಿಯ ಪರೀಕ್ಷೆ ಬರೆದ. ಹತ್ತು ದಿನ ಕಾದ. ನಾವು ಊರಿಗೆ ಹೊರಡುವ ಮೊದಲು ಪಿಸ್ತೂಲು ಮನೆಗೆ ಬಂತು. ಅದನ್ನು ಇಡಲು ಬೀಗದ ಉಕ್ಕಿನ ಪೆಟ್ಟಿಗೆಯನ್ನೂ ತಂದಿದ್ದ. ಆಪಾ ಮುಟ್ಟಲಿಲ್ಲ. ದೂರದಿಂದಲೇ, ‘ಎಷ್ಟು?’ ಎಂದು ಕೇಳಿದರು. ‘ಹತ್ತು, ಅಮ್ಮೀ.’ ‘ನಾಳೆ ಕೋರ್ಟಿನವರು ಮೂವತ್ತು ಅಂದರೂ ನೀನು ಹತ್ತೇ ಇಟ್ಟುಕೋ. ಮಾತು ಕೊಡು.’ ಅವನು ಮಾತು ಕೊಟ್ಟ. ಕ್ಯಾಲಿಫೋರ್ನಿಯಾ ಸರ್ಕಾರ ಅಷ್ಟು ವರ್ಷ ವಾದಿಸಿದ್ದನ್ನು ಆಪಾ ಒಂದು ನಿಮಿಷದಲ್ಲಿ ಮುಗಿಸಿದರು. ತಾಯಿಗೆ ಆ ಅಧಿಕಾರವಿದೆ, ಸರ್ಕಾರಕ್ಕಿದೆಯೇ ಎಂಬುದೇ ಕೋರ್ಟಿನ ಮುಂದಿನ ಪ್ರಶ್ನೆ.

*

2025ರ ಮಾರ್ಚ್ 20ರಂದು ಒಂಬತ್ತನೇ ಸರ್ಕಿಟ್‌ನ ಹನ್ನೊಂದು ಮಂದಿಯ ಪೀಠ ಮತ್ತೆ ಏಳಕ್ಕೆ ನಾಲ್ಕರಿಂದಲೇ ಮಿತಿಯನ್ನು ಎತ್ತಿಹಿಡಿಯಿತು. ದೊಡ್ಡ ಡಬ್ಬಿ ಇಲ್ಲದೆಯೂ ಬಂದೂಕು ಕೆಲಸ ಮಾಡುತ್ತದೆ, ಆದ್ದರಿಂದ ಅದು ಆಯುಧವಲ್ಲ, ಆಯುಧದ ಜೊತೆಯ ಸಾಮಾನು ಎಂದು ಬಹುಮತದ ತೀರ್ಪು. ಒಂದು ವೇಳೆ ಆಯುಧವೇ ಎಂದುಕೊಂಡರೂ, ವಿಶೇಷ ಅಪಾಯದ ಬಳಕೆಗಳನ್ನು ತಡೆಯುವ ಪರಂಪರೆ ಈ ದೇಶದಲ್ಲಿದೆ ಎಂದರು. ಒಪ್ಪದ ನ್ಯಾಯಾಧೀಶರಲ್ಲಿ ಒಬ್ಬರಾದ ಲಾರೆನ್ಸ್ ವ್ಯಾನ್‌ಡೈಕ್ ಒಂದು ಹೊಸ ಕೆಲಸ ಮಾಡಿದರು. ತಮ್ಮ ಕೊಠಡಿಯಲ್ಲೇ ಬಂದೂಕುಗಳನ್ನು ಬಿಚ್ಚಿ ಜೋಡಿಸುತ್ತಾ, ಹೀಗೆ ಹೇಳುತ್ತಾ ಹೋದರೆ ಬಂದೂಕಿನ ಯಾವ ಭಾಗವನ್ನಾದರೂ ಜೊತೆಯ ಸಾಮಾನು ಎನ್ನಬಹುದು ಎಂದು ವೀಡಿಯೋ ಮಾಡಿ ತೀರ್ಪಿನ ಜೊತೆ ಸೇರಿಸಿದರು. ಬಹುಮತದ ಕಡೆಯವರು ಅದು ನ್ಯಾಯಾಧೀಶರು ಮಾಡುವ ಕೆಲಸವಲ್ಲ ಎಂದು ಆಕ್ಷೇಪಿಸಿದರು. ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ರಾಜ್ಯ ಸುಪ್ರೀಂ ಕೋರ್ಟೂ ಏಳಕ್ಕೆ ಎರಡರಿಂದ ಮಿತಿಯ ಪರ ನಿಂತಿತು. ಜೂನ್ 2ರಂದು ರೋಡ್ ಐಲೆಂಡಿನ ಇಂಥದ್ದೇ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ದೇಶದ ಸುಪ್ರೀಂ ಕೋರ್ಟು ನಿರಾಕರಿಸಿತು. ಕೈಗೆತ್ತಿಕೊಳ್ಳಬೇಕು ಎಂದ ನ್ಯಾಯಮೂರ್ತಿಗಳೂ ಅಲ್ಲಿ ಇದ್ದರು. ಅದೇ ವರ್ಷ ಡಂಕನ್ ಮೊಕದ್ದಮೆಯವರೂ ಆ ಕೋರ್ಟಿಗೆ ಅರ್ಜಿ ಹಾಕಿದರು.

ನನ್ನ ನಿಲುವೇನು ಎಂದು ನೀವು ಕೇಳಬಹುದು. ಮಿತಿ ಇರಲಿ ಎಂಬುದೇ ನನ್ನ ಮಾತು. ಹತ್ತು ಗುಂಡಿನಲ್ಲಿ ತನ್ನನ್ನು ಕಾಪಾಡಿಕೊಳ್ಳಲಾಗದವನು ಇರಬಹುದು, ಅಂಥವನು ಅಪರೂಪ. ಮೂವತ್ತು ಗುಂಡಿನ ಮುಂದೆ ಸಾಲಾಗಿ ಸಜ್ದಾದಲ್ಲಿರುವವರು ಪ್ರತಿ ಶುಕ್ರವಾರ, ಪ್ರತಿ ಊರಿನಲ್ಲೂ ಇರುತ್ತಾರೆ. ಚರ್ಚಿನಲ್ಲಿ, ಶಾಲೆಯಲ್ಲಿ, ಗುರುದ್ವಾರದಲ್ಲೂ ಇರುತ್ತಾರೆ. ಆದರೆ ಇದನ್ನು ನಾನು ಕಾವಲುಗಾರನಿಲ್ಲದ ಮಸೀದಿಯ ಊರಿನಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂಬುದೂ ನೆನಪಿದೆ. ಅಳಿಯನ ಜಾಗದಲ್ಲಿದ್ದರೆ ನನ್ನ ಕಪಾಟಿನಲ್ಲೂ ಒಂದು ಉಕ್ಕಿನ ಪೆಟ್ಟಿಗೆ ಇರುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಕಳೆದ ಶುಕ್ರವಾರ ರಾತ್ರಿ ಆಪಾನ ಮನೆಯಲ್ಲೇ ಉಳಿದಿದ್ದೆ. ಎರಡು ಗಂಟೆಯಾಯಿತು, ಸಂದೇಶ ಬರಲಿಲ್ಲ. ಎರಡೂಕಾಲಾಯಿತು. ಆಪಾ ತಸ್ಬೀಹ್ ಹಿಡಿದು ಮಂಚದ ಮೇಲೆ ಕುಳಿತಿದ್ದರು. ‘ಖುತ್ಬಾ ಉದ್ದವಾಗಿರಬೇಕು’ ಎಂದೆ. ಅವರು ಉತ್ತರಿಸಲಿಲ್ಲ. ಎರಡೂ ಇಪ್ಪತ್ತಕ್ಕೆ ಮೊಬೈಲು ಮಿಣುಕಿತು. ಆಪಾ ಕನ್ನಡಕ ಹುಡುಕಿದರು. ನಾನು ಓದಿ ಹೇಳುತ್ತೇನೆ ಎಂದರೂ ಕೊಡಲಿಲ್ಲ. ತಾವೇ ಓದಿ ದೀಪ ಆರಿಸಿದರು.